ಬಲಗಡೆ ಹೂವು

ಅಷ್ಟೇ ಅಯ್ನೋರೆ, ಇನ್ನೇನೂ ಬೇಡ. ವೀರಭದ್ರನ ಎಡಭುಜದ ಹೂವಿಗೆ ಗಂಧ ದಪ್ಪಗೆ ಮೆತ್ತಿಬಿಡಿ. ಬಲಭುಜದ್ದಕ್ಕೆ ಬರೀ ನೀರು. ನಾಳೆ ಉಳವಿಯಿಂದ ಮಹೇಶ್ವರಪ್ಪನೋರು ಬಂದು, ‘ನನ್ನ ಮಗಳು ಗಂಗಾಶ್ರೀನ ಈ ರೇಣುಕಾಪ್ರಸಾದನಿಗೆ ಕೊಡಬಹುದಾ’ ಅಂತ ಕೈಮುಗಿದು ಕೂತ್ರೆ, ಬಲಗಡೇದು ತಾನಾಗೇ ಬೀಳುತ್ತೆ. ಅಪ್ಪಣೆ ಆಯ್ತು, ನನ್ನ ಮದುವೆ ಆಯ್ತು. ಎಡಗಡೇದು ಬಿದ್ರೆ... ಆ ಮಾತು ಯಾಕೆ ಬಿಡಿ.

ಯಾಕ್ರೀ ನಗ್ತೀರಿ?

ದೇವರಿಗೇ ಮೋಸ ಅಂತೀರಾ? ಮೋಸ ಹೋಗೋಕೆ ಒಳಗೆ ಯಾರಾದ್ರೂ ಇರಬೇಕಲ್ಲ. ನೀವು ಪೂಜೆ ಮಾಡೋರು, ಬೇಜಾರು ಮಾಡ್ಕೋಬೇಡಿ, ಆದ್ರೆ ಈ ಭಕ್ತಿ ಗಿಕ್ತಿ ಎಲ್ಲ ಮುಗೀತು. ಇನ್ನೊಂದಿಪ್ಪತ್ತು ವರ್ಷ, ಅಷ್ಟೇ. ಆಮೇಲೆ ನೀವು, ವೀರಭದ್ರ, ಇಬ್ಬರೇ ಎದುರಾಬದುರು ಕೂತಿರ್ತೀರಿ. ನಮ್ಮ ವಯಸ್ಸಿನೋರು ಯಾರ್ರೀ ನಂಬ್ತಾರೆ? ನನ್ನ ಗೆಳೆಯ ಪ್ರದೀಪ್ ಒಬ್ಬ ಇದಾನೆ, ಹೊಸ ಬೈಕಿಗೆ ನಿಂಬೆಹಣ್ಣು ಕಟ್ಟಿದ. ಅವನಿಗೆ ಓಡಿಸೋಕೆ ಬರಲ್ಲ, ಅದಕ್ಕೆ ಭಯ. ನಾನು ಭತ್ತ ಕೊಯ್ಯೋ ಮಷಿನ್ ಓಡಿಸೋನು. ಸೊರಬ, ಶಿಕಾರಿಪುರ, ಎರಡೂ ತಾಲ್ಲೂಕಲ್ಲಿ ಕೇಳಿ ನೋಡಿ, ಬದು ಮುಟ್ಟದೆ ಗದ್ದೆ ಮೂಲೇಲಿ ಮಷಿನ್ ತಿರುಗಿಸೋನು ಯಾರು ಅಂತ. ಅದಕ್ಕೆ ಇವತ್ತಿನ ತನಕ ಒಂದು ಕಾಯಿ ಒಡೆದಿಲ್ಲ ನಾನು.

ಏನು?... ಮಷಿನ್ ಮುಂದಿರೋ ವಿಭೂತಿನಾ? ಅದು ಅವ್ವ ಹಚ್ಚಿದ್ದು. ನಾನು ಒಳಗೆ ಕೂತಿರ್ತೀನಿ, ಹೊರಗೆ ಯಾರು ಏನು ಹಚ್ಚಿದ್ರೆ ನನಗೇನು?

ಚಪ್ಪಲಿ ಕಟ್ಟೆ ಕೆಳಗೆ ಬಿಟ್ಟಿದೀನಿ, ಹೌದು. ಅದು ಮರ್ಯಾದೆ ಕಣ್ರೀ, ನಂಬಿಕೆ ಅಲ್ಲ. ನಿಮ್ಮ ಮನೆಗೆ ಬಂದ್ರೂ ಬಿಡ್ತೀನಿ.

ಸರಿ, ಒಪ್ಪಿದ್ರಾ?... ನೋಡಿ, ಗಂಗಾಶ್ರೀ ಒಪ್ಪಿದಾಳೆ. ನಮ್ಮ ಮನೇಲೂ ಒಪ್ಪಿದಾರೆ. ಆನವಟ್ಟಿ ಬಸ್ ಸ್ಟ್ಯಾಂಡಲ್ಲಿ ಅವಳೇ ಹೇಳಿದ್ಲು, ‘ಹೂ ಎಡಕ್ಕೆ ಬಿದ್ರೆ ನಮ್ಮಪ್ಪ ಇನ್ನೊಂದು ಮಾತು ಕೇಳಲ್ಲ, ಏನ್ ಮಾಡ್ತೀಯೋ ಮಾಡು’ ಅಂತ. ಅವಳು ಹಂಗಂದಾಗಿಂದ ನನಗೆ... ಏನಿಲ್ಲ. ಊಟ ನಿದ್ದೆ ಎಲ್ಲ ಚೆನ್ನಾಗೇ ಇದೆ.

ಏನು ನೋಡ್ತಿದೀರಿ?

ಜೇಬಾ? ಅದೊಂದು ಕಣಗಿಲೆ ಹೂ. ದಾರೀಲಿ ಸಿಕ್ತು.

ಬಾಡಿದೆ, ನಿಜ. ಬಾಡದೆ ಇನ್ನೇನು.

ಅಯ್ನೋರೆ, ಹಂಗೆ ನೋಡ್ಬೇಡಿ...

ದಾರೀಲಲ್ಲ. ಇಲ್ಲೇ ಸಿಕ್ಕಿದ್ದು. ಸೋಮವಾರ ಮಧ್ಯಾಹ್ನ ನೀವು ಊಟಕ್ಕೆ ಹೋಗಿದ್ರಿ. ಬೆಳಿಗ್ಗೆ ಪೂಜೇಲಿ ಇಟ್ಟ ಹೂ ಎರಡೂ ಭುಜದ ಮೇಲೆ ಹಂಗೇ ಇದ್ವು. ಹೊಸ್ತಿಲಾಚೆ ನಿಂತು, ಗಂಗಾಶ್ರೀ ನನಗೆ ಸಿಗ್ತಾಳಾ ಅಂತ ಕೇಳಿದೆ. ಸುಮ್ಮನೆ, ತಮಾಷೆಗೆ. ಕಣ್ಣು ಬಿಡೋದ್ರೊಳಗೆ ಎಡಗಡೇದು ಬಿತ್ತು ರೀ. ಉರುಳ್ಕೊಂಡು ನನ್ನ ಕಾಲ ಹತ್ರಾನೇ ಬಂತು. ಯಾರೂ ನೋಡಬಾರ್ದು ಅಂತ ಜೇಬಿಗೆ ಹಾಕ್ಕೊಂಡೆ.

ಎಸೀಬಹುದಿತ್ತು. ರಸ್ತೇಲಿ ಎಸೆದ್ರೆ ಜನ ತುಳೀತಾರೆ. ಗದ್ದೇಲಿ ಎಸೆದ್ರೆ ಮಷಿನ್ ತುಳಿಯುತ್ತೆ, ಅದೂ ನಂದೇ ಮಷಿನ್ನು. ದೇವರ ಹೂವಲ್ವಾ... ಮೂರು ದಿನ ಆಯ್ತು, ಅಂಗಿ ಬದಲಾಯಿಸಿದಾಗೆಲ್ಲ ಈ ಜೇಬಿಂದ ಆ ಜೇಬಿಗೆ.

ತಗೊಳ್ಳಿ, ನೀವೇ ಎಲ್ಲಾದ್ರೂ ಇಡಿ.

ಮತ್ತೆ ನಾಳೆ ಗಂಧ ಬೇಡ. ಎರಡಕ್ಕೂ ಬರೀ ನೀರೇ ಹಾಕಿ. ಆದ್ರೆ ಅಯ್ನೋರೆ, ಇವತ್ತು ಸಂಜೆ ಮಂಗಳಾರತಿ ಹೊತ್ತಿಗೆ ಅವನ ಕಿವೀಲಿ ಒಂದು ಮಾತು ಹಾಕಿಡಿ... ಸೋಮವಾರ ಹುಡುಗ ಕೇಳಿದ್ದು ತಮಾಷೆಗೆ ಅಂತ.