ಗಂಟು ಯಾವ ಕಡೆ?

ಕೇಳಿ, ಕಿವಿ ಇದ್ದವರೆಲ್ಲ ಕೇಳಿ. ಏಳು ಬೆಟ್ಟದಾಚೆ ಒಂದು ನಾಡು. ಮಾತು ಒಂದೇ, ದೇವರು ಒಬ್ಬನೇ, ಒಡೆಯರು ಮಾತ್ರ ನೂರು. ನಡುವೆ ಒಂದು ಹೊಳೆ. ಈಚೆ ದಡದ ಹೆಂಗಸರು ತಲೆವಸ್ತ್ರದ ಗಂಟನ್ನು ಎಡಗಿವಿಯ ಹತ್ತಿರ ಕಟ್ಟುವರು, ಆಚೆಯವರು ಬಲಗಿವಿಯ ಹತ್ತಿರ. ಅಷ್ಟಕ್ಕೆಲ್ಲ ಹಗೆತನವೇ ಎನ್ನುತ್ತೀರಾ? ಹಗೆತನಕ್ಕೆ ಇನ್ನೆಷ್ಟು ಬೇಕು ಹೇಳಿ.

ಈಚೆ ದಡದಲ್ಲಿ ಕುನಿಗುಂಡೆ ಅಂತ ಒಬ್ಬ ವಿಧವೆ. ಹೆಸರು ಕೇಳಿ ನಗಬೇಡಿ, ಅವರ ಕಡೆ ಅದು ರಾಣಿಯರ ಹೆಸರು. ಮರದ ಹಲಗೆಯಲ್ಲಿ ಚಿತ್ರ ಕೊರೆದು, ಮಸಿ ಬಳಿದು, ಹಾಳೆಗೆ ಒತ್ತುವುದು ಅವಳ ಕಸುಬು. ಊರೊಡೆಯ ಅವಳನ್ನು ಕರೆಸಿದ. ಆಚೆಯವರು ಬೆಂಕಿ ಇಡಲು ಬರುತ್ತಿದ್ದಾರೆ, ಬಾಗಿಲು ಬಾಗಿಲಿಗೂ ಯೇಸುವಿನ ತಾಯಿ ಮರಿಯಮ್ಮನ ಚಿತ್ರ ಬೇಕು, ತಾಯಿ ನಮ್ಮವಳೆಂದು ಗಂಟು ನೋಡಿಯೇ ತಿಳಿಯಬೇಕು ಅಂದ.

ಕುನಿಗುಂಡೆ ಪಕ್ಕದ ಮನೆಯವಳನ್ನು ಎದುರಿಗೆ ಕೂರಿಸಿಕೊಂಡು, ಕಂಡದ್ದು ಕಂಡ ಹಾಗೆ ಕೊರೆದಳು. ಭಯ ನೋಡಿ, ಕೈ ಓಡುತ್ತಿತ್ತು, ಬುದ್ಧಿ ಹಿಂದೆ ಉಳಿದಿತ್ತು. ಹಲಗೆಯ ಎಡ ಹಾಳೆಯಲ್ಲಿ ಬಲವಾಗುತ್ತದೆ, ಅಲ್ಲವೇ? ಚಿತ್ರದ ಕೆಳಗಿನ ಅಕ್ಷರಗಳನ್ನು ತಿರುಗಿಸಿ ಕೊರೆದಿದ್ದಳು, ಗಂಟನ್ನು ಮರೆತಿದ್ದಳು.

ಹಾಳೆಗಳನ್ನು ಬಾಗಿಲಿಗೆಲ್ಲ ಅಂಟಿಸಿದ ಮೇಲೆ ಒಡೆಯ ಮೊದಲ ಬಾಗಿಲು ನೋಡಿದ, ಗಂಟು ತಾಯಿಯ ಬಲಗಿವಿಯ ಹತ್ತಿರ. ಎರಡನೆಯದು ನೋಡಿದ, ಬಲಕ್ಕೆ. ಮೂರನೆಯದು ತನ್ನದೇ ಬಾಗಿಲು, ಅಲ್ಲೂ ಬಲಕ್ಕೆ. ಹರಿದು ಹಾಕಿ ಅಂದ. ತಾಯಿಯ ಮುಖ ಹರಿಯುವ ಪಾಪಕ್ಕೆ ಯಾರು ಕೈ ಹಾಕುತ್ತಾರೆ? ಹಾಗಾದರೆ ಕೊರೆದವಳ ಕೈ ಕಡಿಯಿರಿ ಅಂದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕುನಿಗುಂಡೆಯ ಬಲಗೈಯನ್ನು ಚೌಕದ ಕೊರಡಿಗೆ ಕಟ್ಟಿದರು.

ಅಷ್ಟರಲ್ಲಿ ಬಂದೇಬಿಟ್ಟರು, ಕೇಳಿ, ಆಚೆಯವರು, ಪಂಜು ಹಿಡಿದು. ಮೊದಲ ಬಾಗಿಲಲ್ಲಿ ನಿಂತರು. ಎರಡನೆಯದರಲ್ಲಿ ನಿಂತರು. ಮೂರನೆಯದರಲ್ಲಿ ಅವರ ದಳಪತಿ ಟೋಪಿ ತೆಗೆದ. ಚೌಕಕ್ಕೆ ಬಂದು, ಕೊರಡಿಗೆ ಕಟ್ಟಿದ್ದವಳನ್ನು ಕೇಳಿದ: "ಅವ್ವಾ, ಈ ತಾಯಿ ಯಾವ ದಡದವಳು?"

ಏನು ಹೇಳುತ್ತಾಳೆ ಪಾಪ? ಈಚೆಯವಳು ಅಂದರೆ ಊರು ಸುಡುತ್ತದೆ. ಆಚೆಯವಳು ಅಂದರೆ ಕೈ ಹೋಗುತ್ತದೆ. ಹಲಗೆ ತರಿಸಿ ಅಂದಳು. ತಂದು ಹಾಳೆಯ ಪಕ್ಕ ಹಿಡಿದರು.

"ಹಲಗೆಯಲ್ಲಿ ನೋಡಿದರೆ ಈಚೆಯವಳು, ಹಾಳೆಯಲ್ಲಿ ನೋಡಿದರೆ ಆಚೆಯವಳು. ನಾನು ಕೊರೆದದ್ದು ಒಂದೇ ಮುಖ, ಅಪ್ಪಾ."

ದಳಪತಿ ಹಲಗೆ ನೋಡಿದ, ಹಾಳೆ ನೋಡಿದ, ಒಡೆಯನ ಮುಖ ನೋಡಿದ. ಕೊನೆಗೆ ಪಂಜನ್ನು ಕುದುರೆಗಳ ನೀರಿನ ತೊಟ್ಟಿಗೆ ಅದ್ದಿದ. ಒಡೆಯ ತಾನೇ ಬಂದು ಅವಳ ಕೈ ಬಿಚ್ಚಿದ. ಬಿಚ್ಚುತ್ತಾ ಮೆಲ್ಲಗೆ ಹೇಳಿದ: "ಇನ್ನು ಮೇಲೆ ಗಂಟನ್ನು ತಲೆಯ ಹಿಂದೆ ಹಾಕು ತಾಯಿ."

ಅಂದಿನಿಂದ ಆ ನಾಡಿನ ಮರಿಯಮ್ಮನ ಗಂಟು ಯಾರಿಗೂ ಕಾಣುವುದಿಲ್ಲ. ಎರಡೂ ದಡದವರು ನಮ್ಮವಳು ಅನ್ನುತ್ತಾರೆ. ಕುನಿಗುಂಡೆ ಮಾತ್ರ ಉಳಿ ಹಿಡಿದಾಗಲೆಲ್ಲ ತನ್ನ ಬಲಗೈಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳಂತೆ.

ಹಲಗೆ ಅವರ ಅಟ್ಟದಲ್ಲಿ, ಹಾಳೆ ಅವರ ಬಾಗಿಲಲ್ಲಿ, ಕಥೆ ಮಾತ್ರ ನಿಮ್ಮ ಮಡಿಲಲ್ಲಿ.