ಮಖಮಲ್ ಎಂಬ ಹೆಣ್ಣು ಕುದುರೆ ಕಾಣೆಯಾದ ಬಗ್ಗೆ

ನಾನು ಮಂಜುಷಾ ಗಂಡ ಪವಮಾನ ಜಹಾಗೀರದಾರ, ವಯಸ್ಸು 43 ವರ್ಷ, ಉದ್ಯೋಗ ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಉಪನ್ಯಾಸಕಿ, ವಾಸ ಜಗತ್ ವೃತ್ತದ ಹತ್ತಿರದ ಓಣಿ, ಕಲಬುರಗಿ. ದಿನಾಂಕ 26-11-2025ರ ಬುಧವಾರ ಬೆಳಿಗ್ಗೆ 10:30ಕ್ಕೆ ಕಮಲಾಪುರ ಠಾಣೆಗೆ ಹಾಜರಾಗಿ, ಎ.ಎಸ್.ಐ. ಸಾಹೇಬರು ಕೇಳಿದ್ದಕ್ಕೆ ಈ ಮೂಲಕ ಬರೆಸುವುದೇನೆಂದರೆ:

ಕಲಬುರಗಿ ಕೋಟೆಯ ಹತ್ತಿರ ಇರುವ ಅಮೀರ್, ವಯಸ್ಸು 61, ನನಗೆ ಎರಡೂವರೆ ವರ್ಷದಿಂದ ಪರಿಚಯ. ಅವರು ಮೊದಲು ಟಾಂಗಾ ಹೊಡೆಯುತ್ತಿದ್ದರು. ಆಮೇಲೆ ಮೆರವಣಿಗೆಗಳಿಗೆ ಕುದುರೆ ಕೊಡುತ್ತಿದ್ದರು. 2023ರ ಮೇ ತಿಂಗಳಲ್ಲಿ ನನ್ನ ಮೈದುನನ ಮಗನ ಮುಂಜಿಗೆ ಗೊತ್ತುಮಾಡಿದ್ದ ಕುದುರೆ ಬಾರದ ಕಾರಣ ನಾನು ಅವರ ಮನೆಗೆ ಓಡಿದ್ದೆ. ಅವರ ಕುದುರೆ ಬಾಗಿಲಲ್ಲೇ ನಿಂತಿತ್ತು. ಅದು ಬೆಳಿಗ್ಗೆ ಒಂದು ಮೆರವಣಿಗೆ ಮಾಡಿ ಬಂದಿದೆ, ಇವತ್ತು ಇನ್ನೊಂದಕ್ಕೆ ಕಳಿಸುವುದಿಲ್ಲ ಎಂದರು. ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ನನಗೆ ಬಹಳ ಸಿಟ್ಟು ಬಂದಿತ್ತು. ಮುಂದಿನ ಭಾನುವಾರ ಅವರಲ್ಲಿಗೇ ಹೋಗಿ ಸವಾರಿ ಕಲಿಸುತ್ತೀರಾ ಎಂದು ಕೇಳಿದೆ. ಏಕೆ ಕೇಳಿದೆನೆಂದು ಈಗಲೂ ಹೇಳಲು ಬರುವುದಿಲ್ಲ.

ಮೊದಲ ಒಂಬತ್ತು ಭಾನುವಾರ ಅವರು ನನ್ನನ್ನು ಕುದುರೆ ಹತ್ತಲು ಬಿಡಲಿಲ್ಲ. ಮೈ ಉಜ್ಜುವುದು, ಗೊರಸಿನೊಳಗಿನ ಮಣ್ಣು ತೆಗೆಯುವುದು, ಇಷ್ಟೇ. ಕುದುರೆಗೆ ಕಾಲು ಕೊಡು ಎಂದು ಕೇಳಬೇಕು, ಎಳೆಯಬಾರದು, ಕೊಡುವವರೆಗೆ ನಿಲ್ಲಬೇಕು ಎಂದು ಹೇಳಿದ್ದರು. ಮೊದಲ ದಿನ ನಾನು 40 ನಿಮಿಷ ನಿಂತೆ. ಪ್ರತಿ ಸಲ ನಾಲ್ಕೂ ಗೊರಸಿನ ಮೇಲೆ ನನ್ನ ಅಂಗೈ ಇಡಿಸುತ್ತಿದ್ದರು. ಏನೂ ಆಗಿರದಿದ್ದಾಗ ಏಕೆ ಎಂದು ಕೇಳಿದ್ದಕ್ಕೆ, "ಆರಾಮ ಇದ್ದಾಗಿನ ಕಾಲು ಗೊತ್ತಿದ್ರ ತಾನ, ಬ್ಯಾನಿ ಬಂದಾಗಿನ ಕಾಲು ಗೊತ್ತಾಗೋದು" ಎಂದರು. ಸದರಿ ಕುದುರೆಯ ಹೆಸರು ಮಖಮಲ್, ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ, ವಯಸ್ಸು 9.

ಕಳೆದ ಆಗಸ್ಟಿನಲ್ಲಿ ಅಮೀರ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಆಪರೇಷನ್ ಆಗಿ ಈಗ ವಾಕರ್ ಹಿಡಿದು ನಡೆಯುತ್ತಾರೆ. ಕುದುರೆ ನೋಡಿಕೊಳ್ಳಲು ಆಗದ್ದರಿಂದ ಅದನ್ನು ಕಮಲಾಪುರದ ವಿವೇಕಾನಂದ, ವಯಸ್ಸು 32, ಇವರಿಗೆ ಕೊಟ್ಟರು. ವಿವೇಕಾನಂದ ಅವರಿಗೆ ಊರ ಅಂಚಿನಲ್ಲಿ ಮನೆ, ಮನೆಯ ಹಿಂದೆ ತಗಡಿನ ಶೆಡ್ಡು, ಅದರ ಹಿಂದೆ ಕೆಂಪು ಬಾಳೆಯ ತೋಟ ಇದೆ. ಇದೇ ವಿವೇಕಾನಂದ ಈ ಪ್ರಕರಣದ ದೂರುದಾರರು.

ದಿನಾಂಕ 23-11-2025ರ ಭಾನುವಾರ ಮಖಮಲ್‌ಅನ್ನು ನೋಡಿ ಬರೋಣವೆಂದು ನಾನು ಒಬ್ಬಳೇ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ 9:30ಕ್ಕೆ ಕಮಲಾಪುರ ತಲುಪಿದೆ. ವಿವೇಕಾನಂದ ಅಂದಿನ ಮೆರವಣಿಗೆಗೆ ಶೃಂಗಾರದ ಸಾಮಾನು ತರಲು ಹುಮನಾಬಾದಿಗೆ ಹೋಗಿದ್ದರು. ಮನೆಯಲ್ಲಿ ಅವರ ತಾಯಿ ಕಸ್ತೂರಿಬಾಯಿ, ವಯಸ್ಸು 56, ಇದ್ದರು. ಕುದುರೆ ಶೆಡ್ಡಿನಲ್ಲಿ ಸಿಮೆಂಟ್ ನೆಲದ ಮೇಲೆ ನಿಂತಿತ್ತು. ಮುಂದಿನ ಎರಡೂ ಕಾಲು ಮುಂದಕ್ಕೆ ಚಾಚಿ, ಮೈಭಾರವೆಲ್ಲ ಹಿಂದಕ್ಕೆ ಹಾಕಿತ್ತು. ನಾನು ಹೆಸರು ಹಿಡಿದು ಕರೆದೆ. ಕಿವಿ ತಿರುಗಿಸಿತು, ಆದರೆ ಬರಲಿಲ್ಲ. ಮುಂದಿನ ಗೊರಸುಗಳ ಮೇಲೆ ಅಂಗೈ ಇಟ್ಟೆ. ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯ ಹಾಗೆ ಇತ್ತು. ಗಡಿಯಾರ ನೋಡಿ ನಾಡಿ ಎಣಿಸಿದೆ. ನಿಮಿಷಕ್ಕೆ 74. ಅದು ಆರಾಮ ಇದ್ದಾಗ ನನಗೆ ಗೊತ್ತಿದ್ದ ಲೆಕ್ಕ 38. ನಾನು ತಪ್ಪು ಎಣಿಸಿರಬೇಕೆಂದು ಮೂರು ಸಲ ಎಣಿಸಿದೆ.

9:55ಕ್ಕೆ ಅಮೀರ್ ಅವರಿಗೆ ವಿಡಿಯೊ ಕಾಲ್ ಮಾಡಿ ಕುದುರೆ ನಿಂತಿದ್ದನ್ನು ತೋರಿಸಿದೆ. ಅವರು ಫೋನನ್ನು ಗೊರಸಿನ ಹತ್ತಿರ ಹಿಡಿಯಲು ಹೇಳಿದರು. ನಂತರ, "ಗೊರಸಿನಾಗ ಬೆಂಕಿ ಬಿದ್ದದ, ಮೇಡಂ. ಆಕಿಗಿ ನಡಸಬ್ಯಾಡ್ರಿ, ಡಾಕ್ಟರಿಗಿ ಕರೀರಿ" ಎಂದರು. ಕಾಳು ಹೆಚ್ಚು ತಿಂದರೂ ಹೀಗಾಗುತ್ತದೆ, ಏನು ತಿಂದಿದೆ ಎಂದು ಕೇಳಿ ಎಂದು ಹೇಳಿದರು. ಕಸ್ತೂರಿಬಾಯಿ ಅವರು ದಿನದ ಹಾಗೇ ಹುಲ್ಲು, ಸ್ವಲ್ಪ ಹೊಟ್ಟು ಎಂದು ಹೇಳಿ ಒಳಗೆ ಹೋದರು.

10:50ಕ್ಕೆ ಪಶುವೈದ್ಯೆ ಡಾ. ಶೀಲಾ ಬಂದು ಪರೀಕ್ಷೆ ಮಾಡಿ, ಗೊರಸಿನ ಒಳಗೆ ಉರಿಯೂತವಾಗಿದೆ, ಈ ಸ್ಥಿತಿಯಲ್ಲಿ ಡಾಂಬರು ರಸ್ತೆಯ ಮೇಲೆ ನಡೆಸಿದರೆ ಒಳಗಿನ ಎಲುಬು ಕುಸಿಯಬಹುದು, ಮತ್ತೆಂದೂ ಸರಿಯಾಗಿ ನಿಲ್ಲಲಾರದು ಎಂದರು. ಇಂಜೆಕ್ಷನ್ ಕೊಟ್ಟು ಔಷಧ ಬರೆದುಕೊಟ್ಟರು. ಸಿಮೆಂಟಿನ ಮೇಲೆ ನಿಲ್ಲಿಸಬೇಡಿ, ಹಿಂದೆ ತೋಟದಲ್ಲಿ ನೀರು ಬಿಟ್ಟ ಮೆತ್ತನೆಯ ಮಣ್ಣಿದೆ, ಅಲ್ಲಿ ನಿಲ್ಲಿಸುವುದು ಒಳ್ಳೆಯದು ಎಂದರು. ಆದರೆ ಅಮೀರ್ ಒಂದು ಹೆಜ್ಜೆಯನ್ನೂ ಹಾಕಿಸಬೇಡಿ ಎಂದಿದ್ದರು. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಇಬ್ಬರನ್ನೂ ಫೋನಿನಲ್ಲಿ ಮಾತಾಡಿಸಿದೆ. ನೆಲಕ್ಕೆ ಒದ್ದೆ ಗೋಣಿಚೀಲ ಹಾಸಿ, ಕುದುರೆ ತಾನಾಗಿ ಬಂದಷ್ಟೇ ಕರೆತರಬೇಕು ಎಂದು ಇಬ್ಬರೂ ಒಪ್ಪಿದರು.

11:20ಕ್ಕೆ ವಿವೇಕಾನಂದ ಅವರಿಗೆ ಫೋನ್ ಮಾಡಿ ಎಲ್ಲ ತಿಳಿಸಿದೆ. ಸಂಜೆ 6 ಗಂಟೆಗೆ ಮದುವೆ ಮೆರವಣಿಗೆ ಇದೆ, ಮಾತು ಕೊಟ್ಟಾಗಿದೆ, ಕುದುರೆ ಮೂರು ದಿನ ನಿಂತು ಮೈಗಳ್ಳತನ ಮಾಡುತ್ತಿದೆ, ಬಾಜಾ ಕೇಳಿದರೆ ಸರಿಹೋಗುತ್ತದೆ ಎಂದು ಹೇಳಿದರು. "ನೀವು ಕೈ ಹಚ್ಚಬ್ಯಾಡ್ರಿ ಮೇಡಂ, ನಾ ಬರ್ತೀನಿ" ಎಂದರು. ನಾನು ಆಯಿತು ಎಂದೆ. ಆಯಿತು ಎಂದದ್ದು ನಿಜ. ಅದನ್ನು ಮುಚ್ಚಿಡುವುದಿಲ್ಲ.

ಫೋನ್ ಇಟ್ಟು ತಿರುಗಿದಾಗ ಕಸ್ತೂರಿಬಾಯಿ ಒದ್ದೆ ಮಾಡಿದ ಗೋಣಿಚೀಲಗಳನ್ನು ಹೊತ್ತು ನಿಂತಿದ್ದರು. ನಾನು ಅವರಿಗೆ ತರಲು ಹೇಳಿರಲಿಲ್ಲ. ಮಗ ಬೇಡ ಎಂದಿದ್ದಾರೆ ಎಂದು ಹೇಳಿದೆ. ಅವರು ಮೊದಲನೆಯ ಚೀಲ ಹಾಸಿದರು.

11:40ಕ್ಕೆ ಶುರುಮಾಡಿದೆವು. ಶೆಡ್ಡಿನಿಂದ ತೋಟದ ಮಣ್ಣಿಗೆ ಅಂತರ ಸುಮಾರು 45 ಅಡಿ. ಕುದುರೆ ಅಲ್ಲಿಗೆ 22 ಹೆಜ್ಜೆಯಲ್ಲಿ ಬಂದಿತು. ಹಿಡಿದ ಸಮಯ 45 ನಿಮಿಷ. ನಾನು ಹಗ್ಗ ಸಡಿಲವಾಗಿ ಹಿಡಿದಿದ್ದೆ. ಒಂಬತ್ತನೆಯ ಹೆಜ್ಜೆಯಲ್ಲಿ ಅದು ನಿಂತುಬಿಟ್ಟಿತು. "ಎಳೀರಿ ಅಕ್ಕೋರೆ, ನನ್ನ ಮಗ ಬಂದುಬಿಡ್ತಾನ" ಎಂದು ಕಸ್ತೂರಿಬಾಯಿ ಎರಡು ಸಲ ಹೇಳಿದರು. ನಾನು ಎಳೆಯಲಿಲ್ಲ. ಅಲ್ಲಿ 11 ನಿಮಿಷ ಹೋಯಿತು. ಕಲಿಸಿದ ಹಾಗೆ ನಿಂತೆನೋ ಅಥವಾ ಏನು ಮಾಡಬೇಕೆಂದು ತಿಳಿಯದೆ ನಿಂತೆನೋ ಹೇಳಲಾರೆ. ಆಮೇಲೆ ಕುದುರೆ ತಾನೇ ಕಾಲು ಎತ್ತಿತು. ಕೊನೆಗೆ ಗೊರಸು ನಾಲ್ಕು ಬೆರಳಿನಷ್ಟು ಹಸಿ ಮಣ್ಣಿನಲ್ಲಿ ಇಳಿದಾಗ ಉದ್ದಕ್ಕೆ ಉಸಿರು ಬಿಟ್ಟು ತಲೆ ತಗ್ಗಿಸಿತು. ಕಸ್ತೂರಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಇಷ್ಟು ಏಕೆ ಅಳುತ್ತಾರೆಂದು ನನಗೆ ಆಗ ಅರ್ಥವಾಗಲಿಲ್ಲ.

ಬರೆದುಕೊಟ್ಟ ಔಷಧ ಅಂದು ಕಮಲಾಪುರದಲ್ಲಿ ಸಿಗಲಿಲ್ಲ. ಮಗ ಬಂದ ಕೂಡಲೇ ಕುದುರೆ ತೋಟದಲ್ಲಿದೆ ಎಂದು ತಿಳಿಸಿ, ಡಾಕ್ಟರ್ ಚೀಟಿ ತೋರಿಸಿ ಎಂದು ಕಸ್ತೂರಿಬಾಯಿ ಅವರಿಗೆ ಹೇಳಿ, ಮಧ್ಯಾಹ್ನ 1:10ರ ಬಸ್ಸಿಗೆ ಕಲಬುರಗಿಗೆ ಹೊರಟೆ. ಅವರು ಹೂಂ ಎಂದಿದ್ದರು.

3:20ಕ್ಕೆ ನಾನು ಜಗತ್‌ನ ಔಷಧ ಅಂಗಡಿಯಲ್ಲಿದ್ದಾಗ ಈ ಠಾಣೆಯಿಂದ ಫೋನ್ ಬಂದಿತು. ಕುದುರೆ ಎಲ್ಲಿದೆ ಎಂದು ಕೇಳಿದರು. ನಾನು ಆರೋಗ್ಯ ವಿಚಾರಿಸುತ್ತಿದ್ದಾರೆಂದು ತಿಳಿದು, ಈಗ ಸ್ವಲ್ಪ ಆರಾಮ ಇದೆ, ತೋಟದಲ್ಲಿ ನಿಂತಿದೆ ಎಂದೆ. "ಕಲಬುರಗಿದಾಗ ನಿಮ್ಮ ತೋಟ ಎಲ್ಲದರಿ?" ಎಂದು ಕೇಳಿದರು. ನಮಗೆ ತೋಟ ಇಲ್ಲ ಎಂದೆ. ಹಾಗಾದರೆ ಯಾರ ತೋಟದಲ್ಲಿ ಬಚ್ಚಿಟ್ಟಿದ್ದೀರಿ ಎಂದರು. ವಿವೇಕಾನಂದ ಅವರು 1:45ಕ್ಕೆ ಮನೆಗೆ ಬಂದು ಶೆಡ್ಡು ಖಾಲಿ ಇದ್ದದ್ದನ್ನು ನೋಡಿ, ನಾನೂ ಅಮೀರ್‌ ಅವರೂ ಸೇರಿ ಕುದುರೆಯನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದೇವೆಂದು ದೂರು ಕೊಟ್ಟಿದ್ದಾರೆ, ಕಲಬುರಗಿ ರಸ್ತೆಯಲ್ಲಿ ಎರಡು ಟೆಂಪೊ ನಿಲ್ಲಿಸಿ ನೋಡಿ ಆಯಿತು ಎಂದು ಆಗ ತಿಳಿಯಿತು. ಅವರ ಮನೆಯ ಹಿಂದೆಯೇ ಇದೆ, ಅವರ ತಾಯಿಯನ್ನು ಕೇಳಿ ಎಂದೆ. ಠಾಣೆಯಲ್ಲಿದ್ದ ಇನ್ನೊಬ್ಬ ಸಿಬ್ಬಂದಿ ಬೇರೆ ಫೋನಿನಲ್ಲಿ ಅವರ ತಾಯಿಯನ್ನು ಕೇಳಿದ್ದು ನನಗೂ ಕೇಳಿಸಿತು. ತಾಯಿ ಕುದುರೆ ಇಲ್ಲ, ಅಕ್ಕೋರು ಒಯ್ದರು ಎನ್ನುತ್ತಾರೆ ಎಂದು ನನಗೆ ಹೇಳಿದರು.

ನಾನು ಬಂದ ಮೇಲೆ ಬೇರೆ ಯಾರೋ ಅದನ್ನು ನಡೆಸಿಕೊಂಡು ಹೋಗಿರಬೇಕು ಎಂದುಕೊಂಡೆ. ಆ ಕಾಲಿನಲ್ಲಿ. ಔಷಧದ ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಹೊರಗೆ ಬಂದು, ಮತ್ತೆ ಒಳಗೆ ಹೋಗಿ ತೆಗೆದುಕೊಂಡೆ.

ನನ್ನ ಗಂಡ ಪವಮಾನ ಕಾರು ತಂದರು. ದಾರಿಯಲ್ಲಿ ಅಮೀರ್ ಅವರ ಮನೆಗೆ ಹೋದೆವು. ಅಲ್ಲಿ ಆಗಲೇ ಪೊಲೀಸರು ಬಂದು ಎರಡು ಕೋಣೆಯ ಮನೆಯಲ್ಲಿ ಕುದುರೆ ಹುಡುಕಿ ಹೋಗಿದ್ದರು ಎಂದು ಅವರ ಹೆಂಡತಿ ನೂರಜಹಾನ್ ಹೇಳಿದರು. ಅಮೀರ್ ವಾಕರ್ ಹಿಡಿದು ಬಾಗಿಲಲ್ಲಿ ಸಿದ್ಧವಾಗಿ ನಿಂತಿದ್ದರು. ಕಾರಿನಲ್ಲಿ ಅವರು ಒಂದೇ ಪ್ರಶ್ನೆ ಕೇಳಿದರು, ಹಗ್ಗ ಯಾವುದಕ್ಕೆ ಕಟ್ಟಿದ್ದಿರಿ ಎಂದು. ಕಟ್ಟಿಲ್ಲ, ಕತ್ತಿನ ಮೇಲೆ ಇಟ್ಟು ಬಂದೆ ಎಂದೆ. ಒಳ್ಳೆಯದು, ಬೇಕಾದಾಗ ಮಲಗಬಹುದು ಎಂದರು.

ಸಂಜೆ 4:50ಕ್ಕೆ ವಿವೇಕಾನಂದ ಅವರ ಮನೆ ತಲುಪಿದೆವು. ಪೊಲೀಸರು ಇಬ್ಬರು, ಮದುಮಗನ ಕಡೆಯವರು ನಾಲ್ವರು ಇದ್ದರು. ಜರಿಯ ಜೀನು ಕಟ್ಟೆಯ ಮೇಲಿತ್ತು. "ಮಾಸ್ತರಿಕಿ ಮಾಡೋರು ನೀವು. ನಂಬಿದ್ದೆ ನಿಮಗ" ಎಂದು ವಿವೇಕಾನಂದ ಹೇಳಿದರು. ಕಸ್ತೂರಿಬಾಯಿ ತೋಟಕ್ಕೆ ಹೋಗುವ ತಡಿಕೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. 22 ಹೆಜ್ಜೆ ಎಣಿಸಿದ್ದು ನಾನೇ ಹೌದೋ ಅಲ್ಲವೋ ಎಂದು ಆ ಹೊತ್ತಿನಲ್ಲಿ ನನಗೇ ಅನುಮಾನ ಬಂದಿತು.

ಆಗ ಅಮೀರ್ ಬಹಳ ಸಹಜವಾಗಿ, "ಅಕ್ಕಾ, ಕುದುರಿಗಿ ನೀರು ಕುಡಸೀರೇನು?" ಎಂದು ಕೇಳಿದರು.

ಕಸ್ತೂರಿಬಾಯಿ, "ಮೂರು ಸಲ ಕುಡಸೀನಿ" ಎಂದರು.

ಪೊಲೀಸರಿಬ್ಬರೂ ಅವರ ಕಡೆ ತಿರುಗಿದರು. ಕಸ್ತೂರಿಬಾಯಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

ಕುದುರೆ ನಾನು ಬಿಟ್ಟ ಜಾಗದಲ್ಲೇ ಬಾಳೆಯ ಸಾಲಿನ ನಡುವೆ ನಿಂತಿತ್ತು. ಗೊರಸಿನ ಸುತ್ತ ಹೊಸದಾಗಿ ನೀರು ಹಾಕಿದ್ದರು. ವಿವೇಕಾನಂದ ಹಗ್ಗ ಹಿಡಿದು ಒಂದು ಸಲ ಜಗ್ಗಿದರು. ಕುದುರೆ ಅಲುಗಲಿಲ್ಲ. ಮದುಮಗನ ಕಡೆಯವರಲ್ಲಿ ಒಬ್ಬರು ಹೊಡೆಯಲು ಚಾಬೂಕು ಎಲ್ಲಿದೆ ಎಂದು ಕೇಳಿದರು. ಅಮೀರ್ ಕೆಸರಿನಲ್ಲಿ ವಾಕರ್ ಊರುತ್ತ ಬಂದರು. ಪ್ರತಿ ಸಲವೂ ಅದರ ಕಾಲು ಹುಗಿದುಹೋಗುತ್ತಿತ್ತು. ಕುದುರೆ ಅವರನ್ನು ನೋಡಿ ಸಣ್ಣಗೆ ದನಿ ತೆಗೆಯಿತು. ಅವರು ಯಾರನ್ನೂ ಬಯ್ಯಲಿಲ್ಲ. "ವಿವೇಕಾ, ನಾ ಏನೂ ಹೇಳಂಗಿಲ್ಲ. ಮುಂದಿನ ಕಾಲಿಗಿ ಕೈ ಇಡು. ಆಮ್ಯಾಲ ಹಿಂದಿನ ಕಾಲಿಗಿ ಇಡು" ಎಂದರು.

ವಿವೇಕಾನಂದ ಕುಕ್ಕರುಗಾಲಲ್ಲಿ ಕುಳಿತು ಮುಂದಿನ ಗೊರಸು ಮುಟ್ಟಿದರು. ಹಿಂದಿನದನ್ನು ಮುಟ್ಟಿದರು. ಮತ್ತೆ ಮುಂದಿನದಕ್ಕೆ ಬಂದರು. ಅಲ್ಲಿಂದ ಕೈ ತೆಗೆಯಲೇ ಇಲ್ಲ. ಹೊಸ ಬಿಳಿ ಪ್ಯಾಂಟು ಹಾಕಿದ್ದರು, ಕೆಸರಿನಲ್ಲೇ ಮೊಣಕಾಲು ಊರಿದರು.

ಆಗ ಕಸ್ತೂರಿಬಾಯಿ, ಗುರುವಾರ ತಾನು ಜೋಳದ ಚೀಲದ ಬಾಯಿ ಕಟ್ಟದೆ ಶೆಡ್ಡಿನಲ್ಲಿ ಬಿಟ್ಟಿದ್ದೆ, ಕುದುರೆ ಅರ್ಧ ಚೀಲ ತಿಂದಿತ್ತು, ಮಗ ಬಯ್ಯುತ್ತಾನೆಂದು ಯಾರಿಗೂ ಹೇಳಲಿಲ್ಲ ಎಂದು ಹೇಳಿದರು. "ಕುದುರಿ ಅದ ಅಂದ್ರ ನೀ ಒಯ್ತಿದ್ದಿ. ಇಲ್ಲ ಅಂದ್ರ ಒಯ್ಯಂಗಿಲ್ಲ ಅಂತ ಹಂಗಂದೆ. ನೀ ಠಾಣಾಕ್ಕ ಹೋಗ್ತಿ ಅಂತ ನನಗೇನು ಗೊತ್ತು?" ಎಂದು ಮಗನಿಗೆ ಹೇಳಿದರು. ವಿವೇಕಾನಂದ ಮದುಮಗನ ಕಡೆಯವರಿಗೆ ಕುದುರೆ ಬರುವುದಿಲ್ಲ ಎಂದು ಕೂತಲ್ಲಿಂದಲೇ ಹೇಳಿದರು. ಅವರು ಬಹಳ ಕೂಗಾಡಿ ಹೋದರು. ಮದುಮಗ ಟ್ರ್ಯಾಕ್ಟರ್ ಮೇಲೆ ಮೆರವಣಿಗೆ ಹೋದನೆಂದು ನಂತರ ಕೇಳಿದೆ.

ದೂರು ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಪೊಲೀಸರು ಅಲ್ಲೇ ಕೇಳಿದರು. ಕುದುರೆಗೆ ಕೈ ಹಚ್ಚಬೇಡಿ ಎಂದು ಮೇಡಂ ಅವರಿಗೆ ಹೇಳಿದ್ದೆ, ಆಯಿತು ಎಂದು ಹೇಳಿ ಹಚ್ಚಿದರು, ಅದಕ್ಕೆ ಏನೆನ್ನಬೇಕೋ ನನಗೆ ತಿಳಿಯುತ್ತಿಲ್ಲ ಎಂದು ವಿವೇಕಾನಂದ ಹೇಳಿದರು. ನನಗೂ ತಿಳಿಯುತ್ತಿಲ್ಲ. ಮಾಲೀಕರ ಮಾತು ಮೀರಿ ಕುದುರೆಯನ್ನು ಸರಿಸಿದ್ದು ನಾನೇ. ಅವರ ಜಮೀನಿನಿಂದ ಹೊರಗೆ ಒಯ್ದಿಲ್ಲ. ಇದು ಕಳವು ಹೌದೋ ಅಲ್ಲವೋ ಸಾಹೇಬರು ಹೇಳಬೇಕು.

ಈ ಹೇಳಿಕೆ ಇಲ್ಲಿಯವರೆಗೆ ಬರೆಸುತ್ತಿದ್ದಾಗ, 11:40ಕ್ಕೆ ನನ್ನ ಫೋನಿಗೆ ದೂರುದಾರ ವಿವೇಕಾನಂದ ಅವರ ಕರೆ ಬಂದಿತು. ಸಾಹೇಬರು ಸ್ಪೀಕರ್ ಹಾಕಿ ಮಾತಾಡಲು ಹೇಳಿದರು. "ಮೇಡಂ, ಆಕಿ ಮಲಗ್ಯಾಳ. ಪೂರಾ ಅಡ್ಡ ಆಗ್ಯಾಳ. ಎಬ್ಬಿಸ್ಲೇನು?" ಎಂದು ಕೇಳಿದರು. ನಾಡಿ ಎಷ್ಟಿದೆ ಎಂದೆ. 46 ಎಂದರು. ಬೆಳಿಗ್ಗೆ ಐದರಿಂದ ತಾಸಿಗೊಮ್ಮೆ ಎಣಿಸಿ ಗೋಡೆಯ ಮೇಲೆ ಬರೆಯುತ್ತಿದ್ದೇನೆ ಎಂದರು. ಎಬ್ಬಿಸಬೇಡಿ, ಮಲಗಿದಷ್ಟೂ ಕಾಲಿಗೆ ವಿಶ್ರಾಂತಿ ಎಂದು ಹೇಳಿದೆ.

ಸಾಹೇಬರು ಮಧ್ಯದಲ್ಲಿ ಮಾತಾಡಿ, ಇದು ಠಾಣೆ, ಮೇಡಂ ನಿಮ್ಮದೇ ದೂರಿನ ಮೇಲೆ ಹೇಳಿಕೆ ಕೊಡುತ್ತಿದ್ದಾರೆ, ಗೊತ್ತಿದೆಯೇ ಎಂದು ಕೇಳಿದರು.

ವಿವೇಕಾನಂದ, "ಗೊತ್ತದರಿ ಸಾಹೇಬ್ರ. ಹೇಳಿಕಿ ಆಮ್ಯಾಲ ಬರಕೋರಿ. ಆಕಿ ಮ್ಯಾಲ ಬಿಸಲು ಬರ್ಲಿಕತ್ತದ. ಏನರ ನೆರಳು ಕಟ್ಟಬೇಕೇನು, ಮೇಡಂ ಅದೊಂದು ಹೇಳಿಬಿಡಲಿ" ಎಂದರು.

ಹಳೆಯ ಸೀರೆಯನ್ನು ಎರಡು ಬಾಳೆ ಗಿಡಕ್ಕೆ ಕಟ್ಟಿ, ಗಾಳಿಗೆ ಹಾರಿ ಅದು ಬೆದರದ ಹಾಗೆ ಬಿಗಿಮಾಡಿ ಎಂದು ತಿಳಿಸಿದೆ. ಅವರು ಫೋನ್ ಇಡದೆಯೇ ಎದ್ದು ಹೋದರು. ಸೀರೆ ಕಟ್ಟುವವರೆಗೆ ಸಾಹೇಬರೂ ನಾನೂ ಕಾದೆವು.

ಮೇಲೆ ಬರೆಸಿದ್ದು ನಾನು ಕಂಡದ್ದು, ಕೇಳಿದ್ದು ಮತ್ತು ಮಾಡಿದ್ದು. ಇದರಲ್ಲಿ ಸುಳ್ಳು ಸೇರಿಸಿಲ್ಲ, ಆದದ್ದನ್ನು ಬಿಟ್ಟಿಲ್ಲ. ಓದಿ ಹೇಳಿದ್ದನ್ನು ಕೇಳಿ, ಸರಿ ಇದೆ ಎಂದು ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ಕಮಲಾಪುರ
ದಿನಾಂಕ: 26-11-2025, ಮಧ್ಯಾಹ್ನ 12:15

ಸಹಿ/-
(ಮಂಜುಷಾ ಪವಮಾನ ಜಹಾಗೀರದಾರ)

ನನ್ನ ಸಮಕ್ಷಮ ಬರೆದುಕೊಂಡಿದೆ
ಸಹಿ/- ಎ.ಎಸ್.ಐ.