ಮೆಲ್ಲಗೆ ಓಡಿಸುವವನ ಕ್ಲಚ್

ಸಭೆಗೆ ನಮಸ್ಕಾರ. ಅಗಲಿದ ನಮ್ಮ ಅಣ್ಣನ ಶ್ರೀಮತಿ ಭಾರತಮ್ಮನವರಿಗೆ, ಮಗಳು ದಿವ್ಯಾಗೆ, ಟೇಕಲ್‌ನಿಂದ ಬಂದಿರುವ ಬಂಧುಗಳಿಗೆ, ಲೋಡು ನಿಲ್ಲಿಸಿ ಬಂದಿರುವ ಚಾಲಕ ಮಿತ್ರರಿಗೆ — ಎಲ್ಲರಿಗೂ ಕೈ ಮುಗಿಯುತ್ತೇನೆ. ನಾನು ಮುನಿರಾಮಪ್ಪ. ಕೋಲಾರದ ಈ ವರ್ಕ್‌ಶಾಪಿನಲ್ಲಿ ನಮ್ಮ ಹೆಡ್ ಮೆಕ್ಯಾನಿಕ್ ಕೋದಂಡರಾಮಪ್ಪನವರ ಪಕ್ಕದಲ್ಲಿ ಹದಿನೇಳು ವರ್ಷ ಸ್ಪ್ಯಾನರ್ ಹಿಡಿದವನು.

ಅವರು ದೊಡ್ಡ ಮನುಷ್ಯರಾಗಿದ್ದರು ಎಂದು ನಾನು ಹೇಳಬೇಕಾಗಿಲ್ಲ. ಹೇಳಿದರೆ ಅವರೇ ಫೋಟೋದೊಳಗಿಂದ “ಯಾಕೋ? ಎಷ್ಟಡಿ?” ಎಂದು ಕೇಳಿಯಾರು. ಪ್ರತಿಯೊಂದಕ್ಕೂ ‘ಯಾಕೆ’ ಕೇಳುವ ಮನುಷ್ಯ. ಅದಕ್ಕೇ ಒಂದು ಸೋಜಿಗದ ಸಂಗತಿ ಹೇಳುತ್ತೇನೆ, ಕೇಳಿ.

ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಹೊಸ ಲಾರಿಗಳು ಬಂದವು. ಗೇರನ್ನು ಗಾಡಿಯೇ ಹಾಕಿಕೊಳ್ಳುತ್ತದೆ. ಕಾಲಿಗೆ ಎರಡೇ ಪೆಡಲ್ — ಬ್ರೇಕು, ಎಕ್ಸಲೇಟರು. ಒಂದು ಲಾರಿ ಮಾಲೂರಿನ ನರೇಶನಿಗೆ ಹೋಯಿತು. ನರೇಶ ಬ್ರೇಕ್ ಒತ್ತಿದರೆ ಪಕ್ಕದಲ್ಲಿ ಕೂತವರು ಹಲ್ಲು ಎಣಿಸಿಕೊಳ್ಳಬೇಕು. ನಗಬೇಡ ನರೇಶ, ನಿನ್ನ ಮಾತೇ! ಇನ್ನೊಂದು ಮುಳಬಾಗಿಲಿನ ಮುನಿಕೃಷ್ಣಪ್ಪನಿಗೆ. ಇವನು ಹಂಪು ದಾಟಿದರೆ ಲೋಟದ ಟೀ ತುಳುಕುವುದಿಲ್ಲ.

ಈಗ ಹೇಳಿ, ಯಾರ ಕ್ಲಚ್ ಸುಟ್ಟುಹೋಗಬೇಕು? ನರೇಶನದು, ಅಲ್ಲವೇ? ನರೇಶನ ಕ್ಲಚ್ ಪ್ಲೇಟು ಹೊಸದರಂತೆ ಇತ್ತು. ಮುನಿಕೃಷ್ಣಪ್ಪನದು ಸುಟ್ಟುಹೋಯಿತು. ಬದಲಾಯಿಸಿದೆವು — ಮತ್ತೆ ಸುಟ್ಟುಹೋಯಿತು. ಒಂದೇ ವರ್ಷದಲ್ಲಿ ಮೂರನೇ ಸಲ!

ಮಾಲೀಕರಾದ ಮುರಳಿಮೋಹನ್ ಸಾಹೇಬರು ಎದುರಿಗೇ ಕೂತಿದ್ದಾರೆ, ಅವರ ಮುಂದೆಯೇ ಹೇಳುತ್ತೇನೆ. ಶ್ರೀನಿವಾಸಪುರದಿಂದ ಫೋನ್ ಮಾಡಿದರು: “ಏನ್ರೀ ಇದು? ಡ್ರೈವರ್ ತಪ್ಪು ಅಂತ ಬರೆದ್ಕೊಡಿ. ಅವನನ್ನ ಗಾಡಿಯಿಂದ ಇಳಿಸ್ಬಿಡ್ತೀನಿ.”

ಗಾಡಿ ಇಳಿದರೆ ಮುನಿಕೃಷ್ಣಪ್ಪನಿಗೆ ಬೇರೆ ಕಸುಬಿಲ್ಲ. ಕ್ಲಚ್ ಸುಟ್ಟವನು ಎನ್ನುವ ಹೆಸರು ಬಿದ್ದವನನ್ನು ಬೇರೆ ಯಾವ ಮಾಲೀಕನೂ ಕರೆಯುವುದಿಲ್ಲ. ಇದು ಗೊತ್ತಿದ್ದೂ ನಾನು ವರದಿಯ ‘ಕಾರಣ’ ಎನ್ನುವ ಜಾಗದಲ್ಲಿ ಎರಡು ಪದ ಬರೆದೆ — ಚಾಲಕನ ದುರ್ಬಳಕೆ. ಬರೆದ ಕೈ ಇದೇ. ಕೋದಂಡರಾಮಪ್ಪನವರ ಸಹಿ ಒಂದು ಬಾಕಿ.

ಅವರು ಪೆನ್ನು ಹಿಡಿಯಲಿಲ್ಲ. ಸುಟ್ಟ ಪ್ಲೇಟು ಎತ್ತಿ ಹೀಗೆ ಮೂಸಿದರು. ನನ್ನ ಮೂಗಿಗೂ ಹಿಡಿದರು.

“ಲೇ ಮುನಿರಾಮ, ಒರಟಾಗಿ ಓಡ್ಸೋನ್ದು ನೆಟ್ಟಗೈತೆ, ಮೆಲ್ಲಗೆ ಓಡ್ಸೋನ್ದು ಸುಟ್ಟೋಗೈತೆ. ಯಾಕ್ಲಾ?”

“ಬಿಡಣ್ಣ, ಸೈನ್ ಹಾಕು, ಊಟಕ್ಕೋಗಾಣ.”

“ಊಟ ಎಲ್ಲೋಗ್ತದೆ? ನಡಿ, ಅವನ ಪಕ್ಕ ಕೂತು ನೋಡಾಣ.”

ಹೊಸ ಪ್ಲೇಟು ಹಾಕಿ, ಮಾರನೆಯ ದಿನ ಅವನ ಕ್ಯಾಬಿನ್ನಿನಲ್ಲಿ ನಾವಿಬ್ಬರೂ ಕೂತೆವು. ಹಿಂದೆ ಟೊಮೇಟೊ ಬಾಕ್ಸು, ಮೇಲಿನವರೆಗೆ. ಹೆದ್ದಾರಿಯ ಒಂದು ಏರಿನಲ್ಲಿ ರಸ್ತೆ ಕೆಲಸ, ಗಾಡಿಗಳ ಸಾಲು ಇರುವೆಯಂತೆ ಹರಿಯುತ್ತಿತ್ತು. ಮುನಿಕೃಷ್ಣಪ್ಪ ಬ್ರೇಕ್ ಮುಟ್ಟಲೇ ಇಲ್ಲ! ಎಕ್ಸಲೇಟರನ್ನು ಬೆರಳ ತುದಿಯಷ್ಟು ಒತ್ತಿಕೊಂಡೇ ಇದ್ದ. ಗಾಡಿ ಮುಂದಕ್ಕೂ ಹೋಗದು, ಹಿಂದಕ್ಕೂ ಜಾರದು, ಏರಿನ ಮೇಲೆ ತೇಲಿ ನಿಂತಿತ್ತು.

ನೀವೆಲ್ಲ ಒಮ್ಮೆ ಅಂಗೈಗೆ ಅಂಗೈ ಸೇರಿಸಿ. ಗಟ್ಟಿಯಾಗಿ ಹಿಡಿಯಿರಿ — ಬಿಸಿ ಆಗದು. ಸಡಿಲ ಬಿಟ್ಟು ಉಜ್ಜಿ — ಬಿಸಿ ಆಯಿತೇ? ಅರ್ಧ ಹಿಡಿದ ಕ್ಲಚ್ಚಿಗೆ ಆಗುವುದು ಅದೇ. ನರೇಶ ಒಂದೇ ಏಟಿಗೆ ಗಾಡಿ ಎತ್ತುತ್ತಾನೆ, ಪ್ಲೇಟು ಕಚ್ಚಿ ಹಿಡಿಯುತ್ತದೆ. ಮುನಿಕೃಷ್ಣಪ್ಪ ಮೆಲ್ಲಗೆ, ಮೆಲ್ಲಗೆ ಎನ್ನುತ್ತ ಗಂಟೆಗಟ್ಟಲೆ ಉಜ್ಜುತ್ತಿದ್ದ.

ಕೋದಂಡರಾಮಪ್ಪನವರು ಬೈಯಲಿಲ್ಲ. “ಯಾಕಪ್ಪಾ, ಬ್ರೇಕ್ ಒತ್ತಲ್ಲ?” ಎಂದರು.

“ಬ್ರೇಕ್ ಬಿಟ್ಟು ಎತ್ತೋವಾಗ ಜರ್ಕ್ ಹೊಡಿತೈತೆ ಅಣ್ಣ. ಹಣ್ಣು ನಜ್ಜಾಗ್ತದೆ, ಪಾಪ.”

“ಕ್ಲಚ್ ಸುಡ್ತದಲ್ಲೋ?”

“ಯಾವ ಕ್ಲಚ್ಚಣ್ಣ? ಈ ಗಾಡೀಲಿ ಕ್ಲಚ್ಚೇ ಇಲ್ವಲ್ಲ! ನೀವೆಲ್ಲ ಪ್ಲೇಟು ಪ್ಲೇಟು ಅಂತಿದ್ರೆ ಇನ್ಯಾವ್ದೋ ಪ್ಲೇಟು ಅಂದ್ಕಂಡಿದ್ದೆ.”

ನಾನು ಬಾಯಿ ಬಿಟ್ಟು ನಕ್ಕೆ. ಅವರು ನಗಲಿಲ್ಲ. “ಇಲ್ಲ ಅಂತ ಯಾರೋ ಹೇಳಿದ್ದು?”

ಮುನಿಕೃಷ್ಣಪ್ಪ ಅವರ ಮುಖ ನೋಡಿದ. ಅವನಿಗೆ ಸಂಕೋಚವಾದರೆ ತೆಲುಗು ಬರುತ್ತದೆ. “ನುವ್ವೇ ಕದನ್ನಾ!” — ನೀನೇ ಅಲ್ವೇನಣ್ಣ!

ಹೌದು. ಗಾಡಿಯ ಕೀ ಕೊಟ್ಟ ದಿನ ಕೋದಂಡರಾಮಪ್ಪನವರೇ ಅವನ ಬೆನ್ನು ತಟ್ಟಿ, “ಕ್ಲಚ್ ಲೇದುರಾ, ಮೆಲ್ಲಗಾ ಪೋನಿಯ್ಯಿ” ಎಂದಿದ್ದರು. ಕ್ಲಚ್ ಇಲ್ಲ, ಮೆಲ್ಲಗೆ ಬಿಡು. ನಾನೂ ಅಲ್ಲೇ ನಿಂತಿದ್ದೆ. ಪೆಡಲ್ ಇಲ್ಲ ಎನ್ನುವುದು ಅವರ ಮನಸ್ಸಿನಲ್ಲಿತ್ತು, ಬಾಯಲ್ಲಿ ಬಂದದ್ದು ಕ್ಲಚ್ ಇಲ್ಲ. ಕ್ಲಚ್ಚು ಒಳಗೇ ಇದೆ, ಗಾಡಿಯೇ ಅದನ್ನು ಒತ್ತಿ ಬಿಡುತ್ತದೆ. ಆ ಶಿಷ್ಯ ಗುರು ಹೇಳಿದ್ದನ್ನು ಒಂದಕ್ಷರ ತಪ್ಪದೆ ಪಾಲಿಸಿದ್ದ!

ಕೋದಂಡರಾಮಪ್ಪನವರು ಅವನ ಮಂಡಿ ಮುಟ್ಟಿ ತೋರಿಸಿದರು — ಬ್ರೇಕ್ ಮೇಲೆ ನಿಲ್ಲು, ಮುಂದೆ ಒಂದು ಲಾರಿಯಷ್ಟು ಜಾಗ ಆಗಲಿ, ಆಗ ಒಂದೇ ಸಲ ಎತ್ತು. “ಮಧ್ಯೆ ಆಟೋದವನು ತೂರ್ಕಂಡ್ರೆ?” ಎಂದ. “ತೂರ್ಕಳ್ಲಿ ಬಿಡೋ, ಅವನಿಗೂ ಮನೆ ಐತೆ.” ಮೂರು ಸಲ ಜರ್ಕ್ ಹೊಡೆಯಿತು. ನಾಲ್ಕನೆಯದು ಬೆಣ್ಣೆ.

ಸಂಜೆ ವರ್ಕ್‌ಶಾಪಿಗೆ ಬಂದು ನನ್ನ ಎರಡು ಪದಗಳ ಮೇಲೆ ಗೀಟು ಎಳೆದರು. ಕೆಳಗೆ ಬರೆದರು: “ಕ್ಲಚ್ ಇಲ್ಲವೆಂದು ಚಾಲಕನಿಗೆ ತಪ್ಪು ಹೇಳಿದವನು, ಕೋದಂಡರಾಮಪ್ಪ.” ಸಹಿ ಹಾಕಿದರು.

“ಹಂಗಾದ್ರೆ ನಿಮ್ಮನ್ನ ಇಳಿಸ್ಲೇನ್ರೀ?” ಎಂದು ಸಾಹೇಬರು ಕೂಗಾಡಿದರು.

“ಇಳ್ಸಿ ಸಾರ್. ಮಿಕ್ಕಿದ ಡ್ರೈವರ್‌ಗಳಿಗೆ ಯಾರ್ಯಾರಿಗೆ ಹಿಂಗೇ ಹೇಳಿದ್ದೀನೋ, ಅವರ ಪಕ್ಕ ಒಂದೊಂದಿನ ಕೂತು ಬಂದ್ಬಿಡ್ತೀನಿ, ಆಮೇಲೆ ಇಳ್ಸಿ.”

ಸಾಹೇಬರು ಯಾರನ್ನೂ ಇಳಿಸಲಿಲ್ಲ. ದೊಡ್ಡ ಮನಸ್ಸು ಮಾಡಿದರು. ಅಣ್ಣ ಇಪ್ಪತ್ತೆರಡು ಗಾಡಿ ಹತ್ತಿ ಇಳಿದರು. ಮನೆಯಲ್ಲಿ ಈ ವಿಷಯ ಹೇಳಿರಲಿಕ್ಕಿಲ್ಲ ಭಾರತಮ್ಮನವರೇ, ಹೇಳುವ ಜಾತಿಯಲ್ಲ ಅವರದು. ಅದಕ್ಕೇ ಇವತ್ತು ನಾನು ಹೇಳಬೇಕಾಯಿತು.

ಮುನಿಕೃಷ್ಣಪ್ಪ, ಎಲ್ಲಿದ್ದೀಯಪ್ಪ? ಹಿಂದೆ ಯಾಕೆ ನಿಂತಿದ್ದೀಯ, ಮುಂದೆ ಬಾ. ನಿನ್ನ ಹೆಸರು ಬೀಳಬೇಕಾಗಿದ್ದ ಜಾಗದಲ್ಲಿ ತಮ್ಮ ಹೆಸರು ಬರೆದ ಮನುಷ್ಯ ಈ ಫೋಟೋದಲ್ಲಿದ್ದಾರೆ — ಅವರ ಪಕ್ಕದಲ್ಲಿ ನಿಲ್ಲು. ನಾವೆಲ್ಲ ಏಳೋಣ. ಎರಡು ನಿಮಿಷ ಯಾರೂ ಮಾತನಾಡುವುದು ಬೇಡ.